ನಕಲಿಗೊಂದು ನಕಲು

ಹೊಸ ಕಂಪ್ಯೂಟರ್ ಮನೆಗೆ ಬಂದ ಮೊದಲ ವಾರದಲ್ಲಿ ಅದರೊಳಗೆ ನಾನು ಹೆಚ್ಚಾಗಿ ನೋಡಿದ್ದು ಒಂದು ಬಳೆಯನ್ನು. ಮಗುವಿನ ಕೈಗೆ ಹಾಕುವಷ್ಟು ಚಿಕ್ಕದು, ನೀಲಿ ಬಣ್ಣದ್ದು. ಮೇಲ್ ತೆರೆದ ಕೂಡಲೇ ಪರದೆಯ ನಡುವೆ ಹುಟ್ಟುತ್ತದೆ, ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಸ್ವಲ್ಪ ತಾಳಿ ಎಂದು ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದೆಯಂತೆ. ಸ್ವಲ್ಪ ಅಂದರೆ ಎಷ್ಟು ಎಂದು ಬರೆದಿಲ್ಲ.

ತಾಳುವುದು ನನಗೆ ಹೊಸದೇನೂ ಅಲ್ಲ. ಬೇಸಿಗೆಯಲ್ಲಿ ನಮ್ಮ ಹೊಲದ ಬಾವಿಯಲ್ಲಿ ನೀರು ಊರಲಿ ಎಂದು ಕಟ್ಟೆಯ ಮೇಲೆ ಕೂತು ಕಾದವಳು ನಾನು. ಎರಡು ಬಿಂದಿಗೆ ಸೇದಿದರೆ ಬಾವಿ ಬರಿದಾಗುತ್ತಿತ್ತು. ಇನ್ನೆರಡು ಬಿಂದಿಗೆಯಷ್ಟು ಊರಬೇಕಾದರೆ ನೆರಳು ಕಟ್ಟೆಯ ಈ ಕಲ್ಲಿನಿಂದ ಆ ಕಲ್ಲಿಗೆ ಸರಿಯಬೇಕು. ಆದರೆ ಬಾವಿಗೆ ಬಗ್ಗಿ ನೋಡಿದರೆ ಎಷ್ಟು ಊರಿದೆ ಎಂದು ತಿಳಿಯುತ್ತಿತ್ತು. ಈ ಬಳೆಯೊಳಗೆ ಬಗ್ಗಿ ನೋಡುವುದಕ್ಕೆ ಏನೂ ಇಲ್ಲ.

ಆದರೂ ನಿಜ ಹೇಳಿಬಿಡುತ್ತೇನೆ, ಅದನ್ನು ನೋಡುತ್ತ ಕೂರುವುದು ನನಗೆ ಹಿತವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಮುದ್ದೆಯ ಭಾರಕ್ಕೆ ಕಣ್ಣು ಎಳೆಯುವ ಹೊತ್ತು. ಹೊರಗೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತ ಕೀಂಕೀಂ ಅನ್ನುತ್ತಿರುತ್ತದೆ. ಪರದೆಯಲ್ಲಿ ಬಳೆ ಸುತ್ತುತ್ತಿರುತ್ತದೆ. ನೋಡನೋಡುತ್ತ ಅದು ಬಳೆಯಾಗಿ ಉಳಿಯುವುದಿಲ್ಲ. ನಮ್ಮ ಮನೆ ಎದ್ದಿರುವುದು ಹಳೆಯ ಕಣದ ಮೇಲೆ. ಕಂಪ್ಯೂಟರ್ ಇಟ್ಟಿರುವ ಮೇಜು ಇದೆಯಲ್ಲ, ಸುಮಾರು ಅದೇ ಜಾಗದಲ್ಲಿ ಮೇಟಿಕಂಬ ಇತ್ತು. ಅದರ ಸುತ್ತ ಎತ್ತುಗಳು ಗುಂಡು ಎಳೆದುಕೊಂಡು ರಾಗಿ ತುಳಿಯುತ್ತಿದ್ದವು. ಹೊಸದಾಗಿ ಮದುವೆಯಾಗಿ ಬಂದಿದ್ದ ನನಗೆ ಕೊಟ್ಟ ಕೆಲಸ ಒಂದೇ: ಎತ್ತು ಬಾಲ ಎತ್ತಿದ ಕೂಡಲೇ ಓಡಿಹೋಗಿ ಮಂಕರಿ ಬುಟ್ಟಿ ಹಿಡಿಯುವುದು, ಸಗಣಿ ರಾಗಿಯ ಮೇಲೆ ಬೀಳಬಾರದು. ಹಾಗಾಗಿ ಏನಾದರೂ ಗುಂಡಗೆ ಸುತ್ತುತ್ತಿದ್ದರೆ ನಾನು ಇವತ್ತಿಗೂ ನಿದ್ದೆ ಮಾಡುವುದಿಲ್ಲ, ಅರೆಗಣ್ಣು ಬಿಟ್ಟುಕೊಂಡೇ ಇರುತ್ತೇನೆ. ಬಾಲ ಯಾವಾಗ ಏಳುತ್ತದೋ ಯಾರಿಗೆ ಗೊತ್ತು.

ನಾಲ್ಕನೇ ಕ್ಲಾಸು ಓದಿದ ಮುದುಕಿಗೆ ಮೇಲ್ ಯಾಕೆ ಬೇಕು ಅಂತ ನೀವು ಕೇಳಬಹುದು. ನಮ್ಮೂರು ಅರೆಕೆರೆಯಲ್ಲಿ ಹೊಲ ಹೋಯಿತು, ಮನೆಗಳು ಬಂದವು. ನಮ್ಮ ಪಾಲಿನ ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಈಗಿನ ಬಾಡಿಗೆಯವರು ಬಾಗಿಲು ತಟ್ಟುವುದಿಲ್ಲ. ಹದಿನೆಂಟು ಮೆಟ್ಟಿಲು ಮೇಲೆ ಇರುವವರು, ಇಳಿದು ಬಂದು "ಆಂಟಿ, ನಲ್ಲಿ ಸೋರ್ತಿದೆ" ಅಂದರೆ ಮುಗಿಯಿತು. ಅನ್ನುವುದಿಲ್ಲ. ನಲ್ಲಿಯನ್ನು ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಮೇಲ್ ಮಾಡುತ್ತಾರೆ. ಮೊದಲು ಇದನ್ನೆಲ್ಲ ನಮ್ಮ ಯಜಮಾನರು ನೋಡಿಕೊಳ್ಳುತ್ತಿದ್ದರು. ಅವರು ಹೋಗಿ ಒಂದೂವರೆ ವರ್ಷವಾಯಿತು. ಅಲ್ಲಿಂದ ನಾನೇ. ಇಂಗ್ಲಿಷ್ ಅಕ್ಷರಗಳನ್ನು ಗಾಡಿಗಳ ನಂಬರ್ ಪ್ಲೇಟು ನೋಡಿ ಕಲಿತೆ. ಎರಡು ಬೆರಳಿನಲ್ಲಿ ಒತ್ತುತ್ತೇನೆ, ಹುರುಳಿಯಲ್ಲಿ ಕಲ್ಲು ಆರಿಸಿದ ಹಾಗೆ. ಪಾಸ್‌ವರ್ಡು ನಮ್ಮ ಮನೆಯ ಒಂದು ಎಮ್ಮೆಯ ಹೆಸರು. ಯಾವ ಎಮ್ಮೆ ಎಂದು ಹೇಳುವುದಿಲ್ಲ, ಆರು ಸಾಕಿದ್ದೆವು.

ಯಜಮಾನರ ಕಂಪ್ಯೂಟರಿನೊಳಗೆ ಇರುವೆ ಗೂಡು ಕಟ್ಟಿ ಅದು ಕೆಟ್ಟಮೇಲೆ ಹೊಸದು ಕೊಂಡೆ. ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಆಮೇಲೆ ಬಟನ್ ಒತ್ತಿದೆ. ತಂದು ಜೋಡಿಸಿದ ಅಂಗಡಿಯಾತ, "ಹಳೇ ಮೇಲ್ ಎಲ್ಲ ಇದ್ರಲ್ಲಿ ಬೇಕಾ ಅಮ್ಮ?" ಅಂದ. "ಒಂದೂ ಬಿಡಬೇಡ" ಅಂದೆ. ಅಂದಿನಿಂದ ಬಳೆ ಸುತ್ತುತ್ತಿದೆ.

ಸುತ್ತಲಿ ಬಿಡು ಎಂದು ಇದ್ದುಬಿಡುತ್ತಿದ್ದೆ. ಆದರೆ ಮಂಗಳವಾರ, ಬಳೆ ಸುತ್ತುತ್ತಿರುವಾಗಲೇ ಅದರ ಹಿಂದೆ, ಖಾತೆ ಕಚೇರಿಯಿಂದ ಒಂದು ಕಾಗದ ಬಂತು. ಮನೆಗಳ ಖಾತೆಯನ್ನು ಯಜಮಾನರ ಹೆಸರಿನಿಂದ ನನ್ನ ಹೆಸರಿಗೆ ಮಾಡಲು ವಂಶವೃಕ್ಷದ ಪ್ರತಿ ಬೇಕು, ಮುಂದಿನ ಸೋಮವಾರದೊಳಗೆ ಇದೇ ಮೇಲ್‌ನಿಂದ ಕಳುಹಿಸಿ ಎಂದು. ಪರದೆಯ ಫೋಟೋ ತೆಗೆದು ಕಳಿಸಿದಾಗ ಅದನ್ನು ಫೋನಿನಲ್ಲಿ ಓದಿ ಹೇಳಿದವನು ಮುನಿರಾಜ. ಮುನಿರಾಜ ನನ್ನ ಮೈದುನನ ಮಗ, ಪಕ್ಕದ ಬೀದಿಯಲ್ಲಿದ್ದಾನೆ, ಮದುವೆ ಮನೆಗಳಿಗೆ ಶಾಮಿಯಾನ ಹಾಕುವ ಕೆಲಸ.

"ದೊಡ್ಡಮ್ಮ, ಈ ವಯಸ್ಸಲ್ಲಿ ನಿಂಗ್ಯಾಕೆ ಇದೆಲ್ಲ? ಪಾಸ್‌ವರ್ಡ್ ನನಗೆ ಕೊಟ್ಬಿಡು. ಎಲ್ಲ ನಾನ್ ನೋಡ್ಕೊಂತೀನಿ" ಅಂದ.

ಒಂದು ವರ್ಷದಿಂದ ಹಬ್ಬಕ್ಕೊಂದು ಸಲ ಹುಣ್ಣಿಮೆಗೊಂದು ಸಲ ಅವನು ಈ ಮಾತು ಎತ್ತುತ್ತಲೇ ಇದ್ದ. ಪಾಸ್‌ವರ್ಡಿನ ಮೇಲೆ ಅಷ್ಟು ಆಸೆ ಯಾಕೆ ಎಂದು ನನಗೂ ಅನುಮಾನ ಬೆಳೆಯುತ್ತಲೇ ಇತ್ತು. ನನ್ನ ಓರಗಿತ್ತಿಯನ್ನು, ಅಂದರೆ ಅವನ ತಾಯಿಯನ್ನೇ, ನೋಡಿದ್ದೇನಲ್ಲ. ಮೊದಲು ಕಾಗದಪತ್ರ ಕೊಟ್ಟಳು. ಆಮೇಲೆ ಬೀರುವಿನ ಬೀಗದಕೈ ಕೊಟ್ಟಳು. ಈಗ ಸಾರಿಗೆ ಉಪ್ಪು ಹಾಕಬೇಕಾದರೂ ಸೊಸೆಯ ಮುಖ ನೋಡುತ್ತಾಳೆ. ಯಾರೂ ಅವಳಿಗೆ ಕೆಟ್ಟದ್ದು ಮಾಡಲಿಲ್ಲ. "ನೀವು ಕೂತ್ಕೊಳಿ ಅತ್ತೆ" ಅಂದರು, ಅಷ್ಟೇ. ಕೂತಳು. ಎದ್ದೇ ಇಲ್ಲ.

"ಸೋಮವಾರ ಬೆಳಿಗ್ಗೆ ಹತ್ತರೊಳಗೆ ನನ್ನ ಕೈಯಿಂದ ಆ ಕಾಗದ ಹೋಗದಿದ್ರೆ ಪಾಸ್‌ವರ್ಡ್ ನಿಂದು. ಹೋದ್ರೆ ಇನ್ನು ಆ ಮಾತು ಎತ್ತಬಾರ್ದು" ಅಂದೆ ಮುನಿರಾಜನಿಗೆ. ಬಾಯಿಂದ ಬಿದ್ದ ಮಾತು. ಅವನು ಹೂಂ ಅಂದ.

ಬುಧವಾರ ಇಂಟರ್ನೆಟ್ಟಿನವನನ್ನು ಕರೆಸಿದೆ. ಅವನು ಗೋಡೆಯ ಮೇಲಿನ ಡಬ್ಬ ನೋಡಿ, ಫೋನ್ ಹಿಡಿದು, "ಆಂಟಿ, ಸ್ಪೀಡ್ ಸಖತ್ತಾಗಿದೆ" ಅಂದು ಯಾವುದೋ ಕುಣಿತ ತೋರಿಸಿದ. ಕುಣಿತ ಎಲ್ಲೂ ನಿಲ್ಲಲಿಲ್ಲ. ಬಳೆಯೂ ನಿಲ್ಲಲಿಲ್ಲ. ಗುರುವಾರ ಮಹಡಿಯ ಬಾಡಿಗೆಯಾತ, "ಆಂಟಿ, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದು ಮೇಲ್ ಮಾಡಿದನಂತೆ. ಆ ಮೇಲ್ ನನಗೆ ಬರಲಿಲ್ಲ.

ಶುಕ್ರವಾರ ಮುಬೀನಾಳನ್ನು ಕರೆದೆ. ಮುಬೀನಾ ನಮ್ಮ ಬೀದಿಯ ತುದಿಯಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಹೆಂಗಸು. ಆಧಾರ್ ತಿದ್ದುವುದರಿಂದ ಹಿಡಿದು ಸತ್ತವರ ಪೆನ್ಷನ್ ನಿಲ್ಲಿಸುವ ಅರ್ಜಿಯವರೆಗೆ ಅವಳ ಕೈಯಿಂದ ಹೋಗದ ಕಾಗದ ಈ ಬಡಾವಣೆಯಲ್ಲಿಲ್ಲ. ಬಂದವಳು ಮೊದಲು ಸೆರಗಿನಿಂದ ಪರದೆಯ ಮೇಲ್ತುದಿ ಒರೆಸಿದಳು.

"ಕ್ಯಾಮೆರಾ ಮೇಲೆ ಕುಂಕುಮ ಇಟ್ಟಿದೀರಲ್ಲ ಅಮ್ಮ. ಇದ್ರಲ್ಲಿ ಯಾರ್ ನೋಡಿದ್ರೂ ಬೆಂಕಿ ಬಿದ್ದಂಗೆ ಕಾಣ್ತಾರೆ."

ಆಮೇಲೆ ಕನ್ನಡಕ ಏರಿಸಿ ಮೇಲ್ ನೋಡತೊಡಗಿದಳು. ನೋಡಿದಳು, ನೋಡಿದಳು. ಅವಳ ಹುಬ್ಬು ಮೇಲೆ ಹೋಗುತ್ತಿತ್ತು.

"ಇದೇನಮ್ಮ, ಒಂದೊಂದ್ ಕಾಗದಾನೂ ಮೂರ್ಮೂರು ಸಲ ಇದೆ?"

"ನಕಲು" ಅಂದೆ.

"ಯಾರಿಗೆ ನಕಲು?"

"ನನಗೇ. ಬಂದ ಕಾಗದಾನ ನಾನೇ ನನಗೆ ತಿರುಗಿ ಕಳಿಸ್ಕೊಂತೀನಿ."

"ಸರಿ. ಆ ನಕಲು ಬಂದ್ಮೇಲೆ?"

"ಅದೂ ಬಂದ ಕಾಗದ ತಾನೆ? ಅದಕ್ಕೂ ಒಂದು ನಕಲು."

ಮುಬೀನಾ ಕನ್ನಡಕ ತೆಗೆದಳು. "ಯಾ ಅಲ್ಲಾ! ಇದು ಎಲ್ಲಿಗೆ ನಿಲ್ಲುತ್ತೆ?"

"ಮೂರಕ್ಕೆ ನಿಲ್ಲಿಸ್ತೀನಿ. ಯಾವ ಕಚೇರೀಲೂ ಮೂರು ಪ್ರತಿಗಿಂತ ಜಾಸ್ತಿ ಕೇಳಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ಇದು ನಮ್ಮ ಮನೆಯ ಪದ್ಧತಿ. ಅದರ ಹಿಂದೆ ಒಂದು ಹೊಲವೇ ಇದೆ.

ನನ್ನ ಅತ್ತೆಯ ಕಾಲದಲ್ಲಿ ಕೆರೆಯ ಕೆಳಗಿನ ಹೊಲವನ್ನು ಬಡಾವಣೆಗೆ ತೆಗೆದುಕೊಳ್ಳುತ್ತೇವೆ, ತಕರಾರಿದ್ದರೆ ಇಂಥ ದಿನದೊಳಗೆ ಹೇಳಿ ಎಂದು ಒಂದು ನೋಟೀಸು ಬಂತಂತೆ. ಮನೆಯಲ್ಲಿ ಓದುವವರು ಯಾರೂ ಇರಲಿಲ್ಲ. ಯುಗಾದಿಯ ಬೆಳಿಗ್ಗೆ ಎಣ್ಣೆನೀರಿಗೆ ಹಂಡೆ ಒಲೆ ಹಚ್ಚಲು ಅತ್ತೆಯ ಕೈಗೆ ಸಿಕ್ಕಿದ್ದು ಆ ಕಾಗದ. ಮನೆಮಂದಿಯೆಲ್ಲ ಬಿಸಿಬಿಸಿ ನೀರು ಹುಯ್ದುಕೊಂಡರು. ಹೊಲ ಹೋಯಿತು. ಮಾವನವರು ಬೈಯಲಿಲ್ಲ. ಸಂತೆಗೆ ಹೋಗಿ ಒಂದು ಗಟ್ಟಿ ತಂತಿ ತಂದು, ತುದಿ ಬಗ್ಗಿಸಿ, ನಡುಮನೆಯ ಗೋಡೆಗೆ ನೇತುಹಾಕಿದರು. ಅಂದಿನಿಂದ ಮನೆಯೊಳಗೆ ಬಂದ ಯಾವ ಕಾಗದವೂ ಹೊರಗೆ ಹೋಗುವಂತಿಲ್ಲ. ಕಂದಾಯದ ರಸೀದಿ, ಗೊಬ್ಬರದ ಚೀಟಿ, ಮದುವೆ ಕರೆಯೋಲೆ, ಬಸ್ಸಿನ ಟಿಕೆಟ್ಟು, ಟೆಂಟ್ ಸಿನಿಮಾದ ಕರಪತ್ರ, ಎಲ್ಲವೂ ತಂತಿಗೆ. ಒಂದು ತಂತಿ ತುಂಬಿದರೆ ಇನ್ನೊಂದು. ನಾನು ಬಂದಾಗ ಒಂಬತ್ತು ತಂತಿ ಇದ್ದವು. ಗಾಳಿ ಬೀಸಿದರೆ ಗೋಡೆಯೇ ಉಸಿರಾಡಿದ ಹಾಗೆ ಕಾಗದಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತಿದ್ದವು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ ನಾನು ಎಷ್ಟೋ ಮಧ್ಯಾಹ್ನ ಅದನ್ನೇ ನೋಡಿದ್ದೇನೆ. ಓದಲು ಬರುವ ಒಂದೊಂದು ಅಕ್ಷರ ಗಾಳಿಯಲ್ಲಿ ಮೇಲೆದ್ದು ಮುಖ ತೋರಿಸಿ ಮರೆಯಾಗುತ್ತಿತ್ತು. ಕ, ಮತ್ತೆ ರ. ಶಾಲೆ ಮರೆತುಹೋಗದಂತೆ ಉಳಿಸಿದ್ದು ಆ ತಂತಿಗಳು.

ಗೆದ್ದಲು ಒಂದು ತಂತಿ ತಿಂದಮೇಲೆ ನಕಲಿನ ಪದ್ಧತಿ ಶುರುವಾಯಿತು. ಯಜಮಾನರು ಅದನ್ನೇ ಮೇಲ್‌ಗೂ ತಂದರು. ಕಾಗದ ಬಂದರೆ ಯಾವ ಗುಂಡಿ ಒತ್ತಬೇಕು, ಆಮೇಲೆ ಯಾವುದು, ಎಂದು ಸಾಯುವ ಮುಂಚೆ ನನಗೆ ಕಲಿಸಿದರು. ನಾನು ಒತ್ತಿದೆ. ದೇವರ ಮುಂದೆ ಗಂಟೆ ಬಾರಿಸುವವರು ಯಾಕೆ ಎಂದು ಕೇಳುತ್ತಾರೆಯೇ?

"ಪಾಪ, ಕಂಪ್ಯೂಟರ್ ಸ್ಲೋ ಇಲ್ಲಮ್ಮ" ಅಂದಳು ಮುಬೀನಾ. "ಹೊಸಾ ಸೊಸೆ ಮನೆಗೆ ಬಂದ ದಿನವೇ ಹನ್ನೊಂದು ವರ್ಷದ ಮುಸುರೆ ಪಾತ್ರೆ ಮುಂದೆ ಇಟ್ರೆ ಅವಳಾದ್ರೂ ಏನ್ ಮಾಡ್ತಾಳೆ? ತಿಕ್ತಾ ಇದಾಳೆ. ಮೂರು ತಿಂಗಳದ್ದು ಮಾತ್ರ ತಗೊಂಡ್ ಬಾ ಅಂತ ಹೇಳ್ತೀನಿ, ಉಸಿರು ಬಿಡ್ತಾಳೆ."

ಏನೋ ಒತ್ತಿದಳು. ಬಳೆ ನಿಂತಿತು. ಒಂದು ಗಳಿಗೆ ನನಗೆ ಪಿಚ್ಚೆನಿಸಿತು.

"ಆದ್ರೆ ಕಾಗದ ಮಾತ್ರ ಹೋಗಲ್ಲ" ಎಂದು ಅವಳು ಮುಂದುವರಿಸಿದಳು. "ನಿಮ್ಮ ಮೇಲ್ ಡಬ್ಬಾನೇ ತುಂಬ್ಹೋಗಿದೆ. ಖಾತೆ ಕಚೇರಿ ಕಾಗದಕ್ಕೆ ನೀವು ನಕಲು ಮಾಡಿದ್ರಲ್ಲ, ಅದೇ ಕೊನೇದು. ಜಾಗ ಆಗೋವರೆಗೂ ಒಂದೂ ಬರಲ್ಲ, ಒಂದೂ ಹೋಗಲ್ಲ. ತಿಂಗಳಿಗಿಷ್ಟು ಅಂತ ಕೊಟ್ರೆ ಜಾಸ್ತಿ ಜಾಗ ಕೊಡ್ತಾರೆ."

"ನಾನು ಬಾಡಿಗೆ ತಗೊಳ್ಳೋಳು. ಕೊಡೋಳಲ್ಲ."

"ಹಂಗಾದ್ರೆ ಅಳಿಸ್ಬೇಕು."

ಅಳಿಸಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕಸದ ಬುಟ್ಟಿಗೆ, ಅಲ್ಲಿ ಒಂದು ತಿಂಗಳು ಇರುತ್ತದೆ ಅಂದಳು. ಅದು ನನಗೆ ಹಿಡಿಸಿತು. ಒಂದು ತಿಂಗಳಲ್ಲಿ ಮುನಿಸಿಕೊಂಡು ಹೋದ ನೆಂಟರು ಕೂಡ ವಾಪಸು ಬರುತ್ತಾರೆ. ಅಷ್ಟರಲ್ಲಿ ಅವಳು, "ಆದ್ರೆ ಬುಟ್ಟೀಲಿದ್ರೂ ಜಾಗ ಹಿಡ್ಕೊಂಡಿರುತ್ತೆ. ಬುಟ್ಟೀನೂ ಖಾಲಿ ಮಾಡ್ಬೇಕು. ಆಮೇಲೆ ದೇವ್ರು ಕೇಳಿದ್ರೂ ಸಿಗಲ್ಲ" ಅಂದಳು. ಒಂದು ಕಡೆ ಮಾವನವರ ತಂತಿ. ಇನ್ನೊಂದು ಕಡೆ ಮುನಿರಾಜ, ಸೋಮವಾರ, ಹತ್ತು ಗಂಟೆ.

"ಒಂದೇ ಸಲಕ್ಕೆ ನಾನ್ ಅಳಿಸಿಕೊಡ್ಲಾ?"

"ಬೇಡ. ನಕಲು ಯಾವುದು, ಮೂಲ ಯಾವುದು ತೋರಿಸು. ನಾನೇ ಅಳಿಸ್ತೀನಿ."

ತಿರುಗಿ ಕಳಿಸಿದ ಕಾಗದಗಳ ತಲೆಯ ಮೇಲೆ ಒಂದು ಗುರುತು ಇರುತ್ತದಂತೆ. ಆ ಗುರುತಿನವನ್ನೆಲ್ಲ ಅವಳು ಮೇಲ್ ಡಬ್ಬದೊಳಗೇ ಹೊಕ್ಕು, ಹಳೆಯದು ಮೊದಲು ಬರುವಂತೆ ಒಂದೇ ಕಡೆ ಸಾಲಾಗಿ ನಿಲ್ಲಿಸಿಕೊಟ್ಟು, ಬುಟ್ಟಿ ಖಾಲಿ ಮಾಡುವ ಗುಂಡಿ ತೋರಿಸಿ, ಕಳಿಸಬೇಕಾದ ವಂಶವೃಕ್ಷವನ್ನೂ ತೆಗೆದಿಟ್ಟು, ಕಾಫಿ ಕುಡಿದು ಹೋದಳು.

ಶನಿವಾರ ಬೆಳಿಗ್ಗೆ ಕೂತೆ. ಮೊದಲನೆಯದರ ಮೇಲೆ ಬೆರಳು ಇಟ್ಟು ಎಷ್ಟು ಹೊತ್ತು ಹಾಗೇ ಇದ್ದೆನೋ. ಹಿತ್ತಲ ನುಗ್ಗೇಮರದಿಂದ ಕಾಗೆ ಎದ್ದು ಹೋಯಿತು, ಮತ್ತೆ ಬಂದು ಕೂತಿತು. ಬೆರಳು ಇಳಿಯಲಿಲ್ಲ. ಯಾವುದೋ ಹಂಡೆಯ ಕೆಳಗೆ ಬೆಂಕಿ ಹಚ್ಚುತ್ತಿದ್ದೇನೆ ಅನ್ನಿಸಿತು. ಕೊನೆಗೆ ಒತ್ತಿದೆ. ಕಾಗದ ಹೋಯಿತು. ಮನೆ ಬೀಳಲಿಲ್ಲ. ಎರಡನೆಯದು ಒತ್ತಿದೆ.

ಆಮೇಲೆ ನನಗೇ ಗೊತ್ತಿಲ್ಲದ ಹಾಗೆ ಅದೊಂದು ಹೊಳೆಯಾಯಿತು. ಸಾಲುಸಾಲಾಗಿ ಕಾಗದ ತೇಲಿಬರುತ್ತಿತ್ತು, ತೆರೆದು ಒಂದು ಸಲ ನೋಡುವುದು, ಬಿಡುವುದು. ಮಹಡಿಯಲ್ಲಿ ಮೊದಲಿಗಿದ್ದ ಹುಡುಗಿಯ ಸೋರುವ ನಲ್ಲಿ ಬಂತು. ಅದೇ ಹುಡುಗಿಯ ಮದುವೆ ಕರೆಯೋಲೆ ಬಂತು. ಆಮೇಲೆ ತೊಟ್ಟಿಲು ತೂಗುಹಾಕಲು ಸೂರಿಗೆ ಕೊಂಡಿ ಹಾಕಿಸಲೇ ಎಂದು ಕೇಳಿದ್ದು. ಆಮೇಲೆ ಮನೆ ಖಾಲಿ ಮಾಡುತ್ತೇವೆ ಎಂದು. ಐದು ವರ್ಷ ನಮ್ಮ ತಲೆಯ ಮೇಲೆ ಓಡಾಡಿದವಳು ನನ್ನ ಬೆರಳಿನ ನಾಲ್ಕು ಒತ್ತಿಗೆ ಮುಗಿದುಹೋದಳು. ಮಾವಿನ ಕೊಂಬೆ ಕಾರಿನ ಮೇಲೆ ಬಿದ್ದದ್ದು ಬಂತು. ಆ ಮರವೇ ಈಗಿಲ್ಲ, ಫೋಟೋದಲ್ಲಿ ಮಾತ್ರ ಎಲೆ ಹಸಿರಾಗಿತ್ತು. ಒಂದೂವರೆ ವರ್ಷದ ಹಿಂದಿನದು ಬಂದಾಗ ಯಜಮಾನರು ಕಳಿಸಿಕೊಂಡ ನಕಲುಗಳು ಮುಗಿದವು. ಕೊನೆಯದರಲ್ಲಿ ಅವರು ಏನಾದರೂ ಬರೆದಿರಬಹುದೆಂದು ನೋಡಿದೆ. ಒಂದಕ್ಷರವೂ ಇರಲಿಲ್ಲ. ಬದುಕಿದ್ದಾಗಲೂ ಮಾತು ಕಡಿಮೆ. ಅಳಿಸಿದೆ.

ಭಾನುವಾರ ಮಧ್ಯಾಹ್ನಕ್ಕೆ ನಕಲುಗಳೆಲ್ಲ ಬುಟ್ಟಿಗೆ ಹೋದವು. ಬುಟ್ಟಿ ಖಾಲಿ ಮಾಡುವ ಗುಂಡಿ ಒತ್ತಿದರೆ ಕಂಪ್ಯೂಟರ್, ನಿಜವಾಗಿಯೂ ಬೇಕೇ, ಎಂದು ಇನ್ನೊಂದು ಸಲ ಕೇಳಿತು. ನನ್ನ ಅತ್ತೆಯನ್ನು ಅವತ್ತು ಯಾರಾದರೂ ಹೀಗೆ ಕೇಳಿದ್ದಿದ್ದರೆ! ಹೂಂ ಅಂದೆ. ಆಮೇಲೆ ಮುಬೀನಾ ತೆಗೆದಿಟ್ಟಿದ್ದ ವಂಶವೃಕ್ಷವನ್ನು ಮೇಲ್‌ಗೆ ಸೇರಿಸಿ ಖಾತೆ ಕಚೇರಿಗೆ ಕಳಿಸಿದೆ. ಸುಯ್ ಎಂದು ಒಂದು ಸದ್ದು. ನಾನು ಇನ್ನೂ ಕೈ ತೆಗೆದಿರಲಿಲ್ಲ, ಅದು ಹೋಗಿಯಾಗಿತ್ತು. ನಿಮ್ಮ ಪತ್ರ ತಲುಪಿದೆ ಎಂದು, ಭಾನುವಾರವಾದರೂ, ಅಲ್ಲಿಯ ಕಂಪ್ಯೂಟರಿನಿಂದ ಉತ್ತರವೂ ಬಂತು. ನನ್ನ ಬೆರಳು ತಾನಾಗಿಯೇ ನಕಲಿನ ಗುಂಡಿಯ ಕಡೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ.

ಸೋಮವಾರ ಒಂಬತ್ತೂವರೆಗೆ ಮುನಿರಾಜ ಬಂದ. ನಾನು ಹೊಸ್ತಿಲಲ್ಲೇ, "ಹೋಯ್ತು ಕಣೋ. ನಿನ್ನೇನೇ ಹೋಯ್ತು" ಅಂದೆ. ಸೋತವನ ಮುಖ ನೋಡೋಣ ಎಂದು ಕಾದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಮೇಲೆ ಕುಸಿದ.

"ಹಂಗಾದ್ರೆ ಇನ್ಮೇಲೂ ನೀನೇ ನೋಡ್ಕೊಂತೀಯಾ?"

"ಹೂಂ."

"ಒಂದ್ ಮಾತು ಹೇಳ್ತೀನಿ. ಬೈಬೇಡ ದೊಡ್ಡಮ್ಮ."

"ಹೇಳು, ಬೈಯೋದು ಆಮೇಲೆ ನೋಡೋಣ."

"ನೀನು ಒಂದೊಂದ್ ನಕಲು ಮಾಡಿದಾಗ್ಲೂ ಒಂದು ನನಗೂ ಬರುತ್ತೆ. ದೊಡ್ಡಪ್ಪ ಹಂಗೆ ಇಟ್ಟೋಗಿದ್ದಾರೆ, ಒಂದು ಪ್ರತಿ ಅಣ್ಣತಮ್ಮಂದಿರ ಮನೇಲಿ ಇರ್ಲಿ ಅಂತ. ಹನ್ನೊಂದು ವರ್ಷದಿಂದ ನಿನ್ನ ಬಾಡಿಗೆಯವರ ನಲ್ಲಿ, ಕಕ್ಕಸು, ಮಾವಿನಮರ, ಎಲ್ಲ ನನ್ನ ಮೇಲ್‌ನಲ್ಲಿದೆ. ಡಬ್ಬ ತುಂಬಿ ಕೂತಿದೆ. ಹೋದ ತಿಂಗಳು ಅಂಜನಾಪುರದ ಒಂದು ಮದುವೆಯವರು ಮೇಲ್ ಮಾಡಿದಾರೆ, ನಂಗೆ ಬರ್ಲೇ ಇಲ್ಲ. ಶಾಮಿಯಾನ ಬೇರೆಯವನು ಹಾಕ್ದ. ನಿನ್ನ ಪಾಸ್‌ವರ್ಡ್ ಸಿಕ್ಕಿದ್ರೆ ನನ್ನ ಹೆಸರೊಂದು ತೆಗೆದುಹಾಕಿ ವಾಪಸ್ ಕೊಟ್ಬಿಡೋಣ ಅಂತಿದ್ದೆ."

ಒಂದು ವರ್ಷದಿಂದ ಇವನ ಕಣ್ಣು ನನ್ನ ನಾಲ್ಕು ಮನೆಗಳ ಮೇಲಿದೆ ಎಂದುಕೊಂಡಿದ್ದೆ. ಇವನು ಮನೆಯನ್ನಲ್ಲ, ಮನೆಯ ನಲ್ಲಿಗಳನ್ನು ಕಂಡು ಹೆದರಿ ಕೂತಿದ್ದ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಹೋಗ್ಲಿ, ನೀನೇ ಅಳಿಸಬಹುದಿತ್ತಲ್ಲ?"

"ಅಳಿಸೋದಾ?" ಮುನಿರಾಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಮ್ಮನೇಲಿ ಬಂದ ಕಾಗದ ಬಿಸಾಕೋ ಹಂಗಿಲ್ಲ ಅಂತ ನೀನೇ ತಾನೆ ಹೇಳಿ ಬೆಳೆಸಿದ್ದು? ನಾಳೆ ನೀನು ಕೇಳಿದ್ರೆ ನಾನೇನ್ ಹೇಳ್ಲಿ?"

ಐವತ್ತು ವರ್ಷದ ಗಂಡಸು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವನು. ನನಗೆ ನಗು ಬಂತು, ತಡೆದುಕೊಂಡೆ. ಬೈಯುವುದಕ್ಕೂ ಏನೂ ಉಳಿದಿರಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲವಾದ್ದರಿಂದ ಅವನಿಗೆ ಒಂದು ಲೋಟ ಕಾಫಿ ಕೊಟ್ಟೆ. ಯಾವತ್ತೂ ಅರ್ಧ ಲೋಟ ಕೊಡುತ್ತಿದ್ದೆ, ಅವತ್ತು ತುಂಬಿಸಿ ಕೊಟ್ಟೆ. ಅವನಿಗೆ ಅರ್ಥವಾಯಿತು ಅಂತ ಕಾಣುತ್ತದೆ.

ಕುಡಿದಾದ ಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿದೆ. "ನಿನ್ನ ಮೇಲ್ ತೆಗಿ. ಪಾಸ್‌ವರ್ಡ್ ಹಾಕು" ಅಂದೆ. ಅವನು ಎಡಗೈಯನ್ನು ಮರೆಯಾಗಿ ಹಿಡಿದು ಒತ್ತಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವನ ಬೀಗ ಅವನದು. ಮೇಲ್ ತೆರೆದ ಮೇಲೆ ತಿರುಗಿ ನೋಡಿದರೆ ನನ್ನ ಹೆಸರೇ ಮೇಲಿನಿಂದ ಕೆಳಗಿನವರೆಗೆ, ರಾಗಿ ಪೈರಿನ ಹಾಗೆ ಒತ್ತಾಗಿ ನಿಂತಿತ್ತು. ಮುಬೀನಾ ನನಗೆ ತೋರಿಸಿದಂತೆ ಅವನಿಗೆ ತೋರಿಸಿದೆ. ಗುರುತು ನೋಡು, ಸಾಲು ಮಾಡು, ಇದು ಅಳಿಸುವ ಗುಂಡಿ.

ಅವನ ಬೆರಳು ಗುಂಡಿಯ ಮೇಲೆ ನಿಂತಿತು. ಕೆಳಗೆ ಇಳಿಯಲೊಲ್ಲದು. ನನ್ನ ಮುಖ ನೋಡಿದ.

"ಒತ್ತೋ ಮಗಾ" ಅಂದೆ, ಏಳು ತಲೆಮಾರಿನಿಂದ ಕಾಗದ ಬಿಸಾಡಿಕೊಂಡೇ ಬಂದ ಮನೆತನದವಳ ಹಾಗೆ. "ಏನೂ ಆಗಲ್ಲ."